ಪುರುಷ ಬಂಜೆತನದ ತಪಾಸಣೆಯಲ್ಲಿ ಎಂ.ಆರ್.ಐ.: ಯಾರಿಗೆ, ಯಾವಾಗ, ಯಾವ ಖರ್ಚಿಗೆ?

ವ್ಯಾಪಾರಸ್ಥ ಮನೆತನಗಳಲ್ಲಿ ಅಂಗಡಿಯ ಜಮಾ-ಖರ್ಚು, ಪಾಲುದಾರಿಕೆ ಪತ್ರ, ಬ್ಯಾಂಕಿನ ಓವರ್‌ಡ್ರಾಫ್ಟ್, ಉಗ್ರಾಣದ ದಾಸ್ತಾನು ಇವೆಲ್ಲವೂ ಹಿರಿಯರ ಸಮಕ್ಷಮದಲ್ಲಿ ಚರ್ಚೆಗೆ ಬರುತ್ತವೆ. ಮದುವೆಯಾಗಿ ನಾಲ್ಕೈದು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಮಾತ್ರ ಆ ವಿಷಯ ಪಡಸಾಲೆಗೆ ಬರುವುದಿಲ್ಲ. ಅದು ಅಡುಗೆಮನೆಯಲ್ಲಿಯೇ ಉಳಿಯುತ್ತದೆ, ಮತ್ತು ಅದರ ಸಂಪೂರ್ಣ ಹೊಣೆ ಸೊಸೆಯ ಹೆಗಲಿಗೆ ಬೀಳುತ್ತದೆ. ಹರಕೆ, ನಾಟಿ ಔಷಧ, ಹುಬ್ಬಳ್ಳಿಯ ಡಾಕ್ಟರು, ಬಳ್ಳಾರಿಯ ಸ್ಕ್ಯಾನಿಂಗ್, ಕೊನೆಗೆ ಬೆಂಗಳೂರು, ಹೀಗೆ ಆಕೆಯ ಪ್ರಯಾಣ ಸಾಗುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗ ಗಂಡನಾದವನು ಗಲ್ಲೆಯ ಮೇಲೆ ಕುಳಿತು ಬಿಲ್ಲು ಪಾವತಿಸುತ್ತಾನೆಯೇ ಹೊರತು ತಾನೊಂದು ಪರೀಕ್ಷೆಗೆ ಒಳಗಾಗಬೇಕೆಂಬುದು ಅವನಿಗಾಗಲಿ, ಅವನ ತಂದೆ-ತಾಯಿಗಳಿಗಾಗಲಿ ಹೊಳೆಯುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲು ಸೇರಿಕೊಂಡಿದೆ. ಹೇಗೋ ಮನವೊಲಿಸಿ ಪುರುಷನನ್ನು ತಪಾಸಣೆಗೆ ಕರೆದೊಯ್ದ ಕುಟುಂಬಗಳು, "ಇದ್ದುದರಲ್ಲಿ ಅತ್ಯಂತ ದೊಡ್ಡ ಟೆಸ್ಟ್ ಮಾಡಿಬಿಡಿ, ದುಡ್ಡಿನ ಚಿಂತೆ ಬೇಡ" ಎಂದು ಕೇಳತೊಡಗಿವೆ. ಹಾಗೆ ಕೇಳುವವರ ಬಾಯಲ್ಲಿ ಮೊದಲು ಬರುವ ಹೆಸರು ಎಂ.ಆರ್.ಐ. ಕೆಲವರಿಗೆ ಈ ಯಂತ್ರವು ನಿಜವಾಗಿಯೂ ವರದಾನವಾದರೆ, ಬಹುಸಂಖ್ಯಾತರಿಗೆ ಅದು ಅನಾವಶ್ಯಕ ವೆಚ್ಚವಾಗುತ್ತದೆ. ಯಾರಿಗೆ ವರದಾನ, ಯಾರಿಗೆ ವೆಚ್ಚ ಎಂಬುದನ್ನು ಅರಿಯುವುದು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ವರ್ತಕ ಬಾಂಧವರಿಗೆ ಹಾಗೂ ಸಣ್ಣ ಉದ್ದಿಮೆದಾರರಿಗೆ ಎರಡು ಕಾರಣಗಳಿಂದ ಅಗತ್ಯವಾಗಿದೆ. ಒಂದು, ತಮ್ಮ ಮನೆಯ ಮಕ್ಕಳ ಸಂಸಾರ. ಎರಡು, ತಮ್ಮ ಗಿರಣಿ-ಕಾರ್ಖಾನೆಗಳಲ್ಲಿ ಬೆಂಕಿ, ರಾಸಾಯನಿಕ, ಲೋಹಗಳ ನಡುವೆ ದುಡಿಯುವ ಯುವಕರ ಸಂಸಾರ.

ಮೊದಲ ಪರೀಕ್ಷೆ ಕೆಲವೇ ನೂರು ರೂಪಾಯಿಯದು

ಹನ್ನೆರಡು ತಿಂಗಳ ಕಾಲ ಯಾವುದೇ ಗರ್ಭನಿರೋಧಕ ಬಳಸದೆ ಸಂಸಾರ ನಡೆಸಿಯೂ ಗರ್ಭಧಾರಣೆ ಆಗದಿದ್ದರೆ ಅದನ್ನು ವೈದ್ಯಶಾಸ್ತ್ರ ಬಂಜೆತನವೆಂದು ಪರಿಗಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಯಾವುದಾದರೊಂದು ಘಟ್ಟದಲ್ಲಿ ಈ ಸಮಸ್ಯೆಯನ್ನು ಎದುರಿಸುತ್ತಾರೆ. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಸುಮಾರು ಐದರಲ್ಲಿ ಒಂದು ಪ್ರಕರಣದಲ್ಲಿ ಕಾರಣವೆಲ್ಲ ಪುರುಷನ ಕಡೆಯದೇ ಆಗಿರುತ್ತದೆ. "ಬಂಜೆ" ಎಂಬ ಪದ ನಮ್ಮ ಭಾಷೆಯಲ್ಲಿ ಹೆಣ್ಣಿಗೆ ಮಾತ್ರ ಅಂಟಿಕೊಂಡು ಬಂದಿರುವುದು ಶಾಸ್ತ್ರದ ತೀರ್ಪಲ್ಲ, ರೂಢಿಯ ತೀರ್ಪು.

ಪುರುಷನ ತಪಾಸಣೆ ಆರಂಭವಾಗುವುದು ವೈದ್ಯರ ಎದುರಿನ ಮಾತುಕತೆಯಿಂದ, ದೈಹಿಕ ಪರೀಕ್ಷೆಯಿಂದ ಮತ್ತು ವೀರ್ಯ ಪರೀಕ್ಷೆಯಿಂದ. ವೀರ್ಯ ಪರೀಕ್ಷೆಯ ಮಾನದಂಡಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಕೈಪಿಡಿಯ ರೂಪದಲ್ಲಿ ಪ್ರಕಟಿಸುತ್ತ ಬಂದಿದ್ದು, 2021ರಲ್ಲಿ ಅದರ ಆರನೆಯ ಆವೃತ್ತಿ ಹೊರಬಂದಿತು. ಅದರ ಪ್ರಕಾರ ಕೆಳಮಿತಿಗಳು ಹೀಗಿವೆ: ವೀರ್ಯದ ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣುಗಳು, ಒಟ್ಟು 3.9 ಕೋಟಿ, ಚಲನಶೀಲವಾದವು ಶೇ. 42, ಸಹಜ ಆಕಾರದವು ಶೇ. 4. ಕೊನೆಯ ಅಂಕಿಯನ್ನು ನೋಡಿ ಗಾಬರಿಯಾಗಬೇಕಿಲ್ಲ. ನೂರರಲ್ಲಿ ನಾಲ್ಕು ಮಾತ್ರ ಸುಂದರವಾಗಿದ್ದರೂ ಅದು ಸಹಜವೇ. ಈ ಮಿತಿಗಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದಿಲ್ಲವೆಂದಾಗಲಿ, ಹೆಚ್ಚು ಬಂದ ಮಾತ್ರಕ್ಕೆ ಆಗಿಯೇ ಆಗುತ್ತದೆಂದಾಗಲಿ ಅರ್ಥವಿಲ್ಲ. ಒಂದು ತಿಂಗಳ ವಹಿವಾಟು ನೋಡಿ ಅಂಗಡಿಯ ವರ್ಷದ ಲಾಭ-ನಷ್ಟ ಹೇಳಲಾಗದಂತೆ ಒಂದೇ ವರದಿಯಿಂದ ತೀರ್ಮಾನಕ್ಕೆ ಬರಲಾಗದು. ವ್ಯತ್ಯಾಸ ಕಂಡುಬಂದಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲೇಬೇಕು.

ನಮ್ಮ ಭಾಗದಲ್ಲಿ ಈ ಸರಳ ಪರೀಕ್ಷೆಯೂ ಕೆಡುವ ಸಂಭವವಿದೆ. ಎರಡರಿಂದ ಏಳು ದಿನಗಳ ಸಂಯಮದ ನಂತರ ಮಾದರಿ ಕೊಡಬೇಕು, ಮತ್ತು ಅದರ ಪರಿಶೀಲನೆ ಒಂದು ಗಂಟೆಯೊಳಗೆ ಆರಂಭವಾಗಬೇಕು. ಯಲಬುರ್ಗಾ ಅಥವಾ ಕನಕಗಿರಿ ಕಡೆಯ ಹಳ್ಳಿಯಲ್ಲಿ ಮಾದರಿ ತೆಗೆದು, ಬಸ್ಸು ಹಿಡಿದು, ಚೈತ್ರ-ವೈಶಾಖದ ಬಿಸಿಲಿನಲ್ಲಿ ಪಟ್ಟಣದ ಲ್ಯಾಬೊರೇಟರಿ ತಲುಪುವ ಹೊತ್ತಿಗೆ ಆ ಮಾದರಿಗೆ ಯಾವ ಬೆಲೆಯೂ ಉಳಿದಿರುವುದಿಲ್ಲ. ಸಂಕೋಚವನ್ನು ಬದಿಗಿಟ್ಟು ಲ್ಯಾಬೊರೇಟರಿಯಲ್ಲಿಯೇ ಮಾದರಿ ಕೊಡುವುದು ಲೇಸು. ಸಂಖ್ಯೆಯನ್ನಷ್ಟೇ ಬರೆದು ಚಲನೆ, ಆಕಾರ, ಪ್ರಮಾಣ, ಆಮ್ಲೀಯತೆಗಳನ್ನು ಬರೆಯದ ವರದಿ ಅಪೂರ್ಣ ವರದಿ. ಇಂಥ ಅಪೂರ್ಣ ವರದಿಯನ್ನು ಆಧರಿಸಿಯೇ ಸಾವಿರಾರು ರೂಪಾಯಿಯ ಮುಂದಿನ ಪರೀಕ್ಷೆಗಳು ನಿರ್ಧಾರವಾಗುತ್ತವೆ ಎಂಬುದು ಗಮನಾರ್ಹ.

ಒಂದು ಲೆಕ್ಕವನ್ನು ಊಹಿಸಿಕೊಳ್ಳಬಹುದು. ಕಾರಟಗಿಯ ಅಕ್ಕಿ ವ್ಯಾಪಾರಿಯೊಬ್ಬರ ಮಗ-ಸೊಸೆ ನಾಲ್ಕು ವರ್ಷ ಆಸ್ಪತ್ರೆ ಸುತ್ತಿದ್ದಾರೆ. ಸೊಸೆಗೆ ರಕ್ತಪರೀಕ್ಷೆ, ಗರ್ಭನಾಳದ ಎಕ್ಸ್-ರೇ, ಉದರದರ್ಶಕ ಶಸ್ತ್ರಚಿಕಿತ್ಸೆ ಎಲ್ಲವೂ ಆಗಿವೆ. ಪ್ರಯಾಣ, ವಸತಿ, ಸುಗ್ಗಿಯ ಕಾಲದಲ್ಲಿ ಅಂಗಡಿ ಬಿಟ್ಟುಹೋದ ದಿನಗಳು ಇವನ್ನೆಲ್ಲ ಕೂಡಿಸಿದರೆ ಮೊತ್ತ ಲಕ್ಷಗಳಲ್ಲಿ ನಿಲ್ಲುತ್ತದೆ. ಮಗನ ವೀರ್ಯ ಪರೀಕ್ಷೆ ಮೊದಲ ತಿಂಗಳಲ್ಲಿಯೇ ಆಗಿದ್ದರೆ ಕೆಲವು ನೂರು ರೂಪಾಯಿಯಲ್ಲಿ ದಾರಿ ತಿಳಿಯುತ್ತಿತ್ತು. ಹಣ ಹೋಗಲಿ, ಆ ನಾಲ್ಕು ವರ್ಷಗಳಲ್ಲಿ ಸೊಸೆಯ ವಯಸ್ಸು ಇಪ್ಪತ್ತೆಂಟರಿಂದ ಮೂವತ್ತೆರಡಕ್ಕೆ ಏರಿರುತ್ತದೆ. ಯಾವ ಬ್ಯಾಂಕೂ ಆ ಅವಧಿಯನ್ನು ಮರಳಿ ಕೊಡದು. "ಇನ್ನೊಂದು ಮದುವೆ ಮಾಡಿಬಿಡೋಣ" ಎಂಬ ಮಾತು ಹುಟ್ಟುವುದೂ ಇಂಥ ಅವಧಿಯಲ್ಲಿಯೇ. ಹಿಂದೂ ವಿವಾಹ ಕಾಯಿದೆ 1955ರ ಪ್ರಕಾರ ಮೊದಲ ಪತ್ನಿ ಇರುವಾಗ ಅದು ಅಸಿಂಧು, ಶಿಕ್ಷಾರ್ಹವೂ ಹೌದು. ದೋಷ ಗಂಡನಲ್ಲಿಯೇ ಇದ್ದರೆ ಎರಡನೆಯ ತೊಟ್ಟಿಲೂ ಬರಿದಾಗಿಯೇ ಉಳಿಯುತ್ತದೆಂಬ ಸರಳ ಗಣಿತವನ್ನು ಮನೆಯ ಹಿರಿಯರು ಯೋಚಿಸುವುದಿಲ್ಲ.

ಎಂ.ಆರ್.ಐ. ಪ್ರವೇಶಿಸುವ ಹಂತ

ಅಮೆರಿಕದ ಮೂತ್ರರೋಗ ತಜ್ಞರ ಸಂಘ ಹಾಗೂ ಸಂತಾನಶಾಸ್ತ್ರ ಸಂಘಗಳು ಜಂಟಿಯಾಗಿ 2020ರಲ್ಲಿ ಹೊರಡಿಸಿ, 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಪ್ರಾಥಮಿಕ ತಪಾಸಣೆಯ ಅಂಗವಾಗಿ ಕಿಬ್ಬೊಟ್ಟೆಯ ಎಂ.ಆರ್.ಐ. ಮಾಡಿಸಬಾರದು. ವೃಷಣದ ಅಲ್ಟ್ರಾಸೌಂಡ್ ಸಹ ಎಲ್ಲರಿಗೂ ವಾಡಿಕೆಯಂತೆ ಬರೆಯತಕ್ಕದ್ದಲ್ಲ. ಆದರೆ ನಿರ್ದಿಷ್ಟ ಲಕ್ಷಣಗಳು ಕೂಡಿಬಂದಾಗ ಗುದದ್ವಾರದ ಮೂಲಕ ಮಾಡುವ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಆ ಲಕ್ಷಣಗಳು: ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲ; ವೀರ್ಯದ ಪ್ರಮಾಣ 1.4 ಮಿ.ಲೀ.ಗಿಂತ ಕಡಿಮೆ, ಅದು ಆಮ್ಲೀಯವಾಗಿದೆ, ರಕ್ತದಲ್ಲಿ ಟೆಸ್ಟೋಸ್ಟೆರೋನ್ ಸಹಜವಾಗಿದೆ, ವೈದ್ಯರ ಕೈಗೆ ವೀರ್ಯನಾಳಗಳು ಸಿಗುತ್ತವೆ.

ಇವೆಲ್ಲ ಸೇರಿದರೆ ಏನರ್ಥ? ಗಂಗಾವತಿ, ಕಾರಟಗಿ ಭಾಗದ ಓದುಗರಿಗೆ ಇದನ್ನು ತುಂಗಭದ್ರಾ ಎಡದಂಡೆ ನಾಲೆಯ ಮೂಲಕ ತಿಳಿಸುವುದು ಸುಲಭ. ಜಲಾಶಯ ತುಂಬಿದೆ, ಮುಖ್ಯ ನಾಲೆಯೂ ಹರಿಯುತ್ತಿದೆ, ಆದರೆ ಕೊನೆಯಂಚಿನ ಗದ್ದೆಗೆ ನೀರಿಲ್ಲ. ಹಾಗಾದರೆ ದೋಷ ಜಲಾಶಯದಲ್ಲಿಲ್ಲ, ತೂಬಿನಲ್ಲಿದೆ. ವೃಷಣದಲ್ಲಿ ಉತ್ಪತ್ತಿಯಾದ ವೀರ್ಯಾಣುಗಳು ವೀರ್ಯನಾಳದ ಮೂಲಕ ಮೇಲೇರಿ, ಮೂತ್ರಕೋಶದ ಹಿಂದಿರುವ ವೀರ್ಯಕೋಶದ ದ್ರವದೊಡನೆ ಸೇರಿ, ಪ್ರಾಸ್ಟೇಟ್ ಗ್ರಂಥಿಯೊಳಗೆ ಸಾಗುವ ಕಿರಿದಾದ ಸ್ಖಲನ ನಾಳದಿಂದ ಹೊರಬರುತ್ತವೆ. ವೀರ್ಯದ ಬಹುಭಾಗ ವೀರ್ಯಕೋಶದ ದ್ರವವೇ, ಅದು ಕ್ಷಾರೀಯ. ಸ್ಖಲನ ನಾಳ ಕಟ್ಟಿಕೊಂಡರೆ ವೀರ್ಯಾಣುವೂ ಬಾರದು, ಕ್ಷಾರೀಯ ದ್ರವವೂ ಬಾರದು. ಉಳಿಯುವುದು ಪ್ರಾಸ್ಟೇಟಿನ ಸ್ವಲ್ಪ ಆಮ್ಲೀಯ ಸ್ರಾವ ಮಾತ್ರ. ಆದ್ದರಿಂದಲೇ ಪ್ರಮಾಣ ಮತ್ತು ಆಮ್ಲೀಯತೆಗಳನ್ನು ಬರೆಯದ ವೀರ್ಯ ವರದಿ ಅಪೂರ್ಣ ಎಂದು ಮೇಲೆ ಹೇಳಿದ್ದು. ಎಂ.ಆರ್.ಐ. ಬೇಕೇ ಬೇಡವೇ ಎಂಬುದಕ್ಕೆ ಸುಳಿವು ಇರುವುದು ಆ ಎರಡು ಅಂಕಿಗಳಲ್ಲಿ.

ತಡೆ ಎಲ್ಲಿದೆ ಎಂಬುದನ್ನು ಎಂ.ಆರ್.ಐ. ಹೇಗೆ ತೋರಿಸುತ್ತದೆ? ನಮ್ಮ ದೇಹದ ನೀರಿನಲ್ಲಿರುವ ಜಲಜನಕದ ಪರಮಾಣು ಕೇಂದ್ರಗಳು ಬಲವಾದ ಅಯಸ್ಕಾಂತದೊಳಗೆ ಒಂದು ದಿಕ್ಕಿಗೆ ಸಾಲುಗಟ್ಟುತ್ತವೆ. ರೇಡಿಯೋ ತರಂಗದಿಂದ ಅವನ್ನು ತಟ್ಟಿದಾಗ ವಾಲಿ, ಮರಳಿ ಮೊದಲಿನ ಸ್ಥಿತಿಗೆ ಬರುವಾಗ ಸಂಕೇತ ಹೊರಡಿಸುತ್ತವೆ. ಆ ಸಂಕೇತಗಳಿಂದ ಗಣಕಯಂತ್ರ ಚಿತ್ರ ಕಟ್ಟುತ್ತದೆ. ಈ ವಿಧಾನಕ್ಕಾಗಿ ಪಾಲ್ ಲೌಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಪ್ರಶಸ್ತಿ ಲಭಿಸಿತು. ಎಕ್ಸ್-ರೇ, ಸಿ.ಟಿ. ಸ್ಕ್ಯಾನುಗಳಲ್ಲಿರುವ ವಿಕಿರಣ ಇದರಲ್ಲಿಲ್ಲ. ವೃಷಣದಂಥ ಸೂಕ್ಷ್ಮ ಅಂಗದ ಮಟ್ಟಿಗೆ ಇದು ದೊಡ್ಡ ಅನುಕೂಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಯಂತ್ರಗಳು 1.5 ಅಥವಾ 3 ಟೆಸ್ಲಾ ಶಕ್ತಿಯವು. 3 ಟೆಸ್ಲಾ ಎಂದರೆ ಭೂಮಿಯ ಕಾಂತಶಕ್ತಿಯ ಸುಮಾರು 60,000 ಪಟ್ಟು.

ಒಂದು ಬಗೆಯ ಚಿತ್ರದಲ್ಲಿ ದ್ರವವೆಲ್ಲ ಬೆಳ್ಳಗೆ ಹೊಳೆಯುವುದರಿಂದ ವೀರ್ಯಕೋಶಗಳು ದ್ರಾಕ್ಷಿ ಗೊಂಚಲಿನಂತೆ ಕಾಣುತ್ತವೆ. ಮುಂದಿನ ದಾರಿ ಮುಚ್ಚಿದ್ದರೆ ಅವು ಊದಿಕೊಂಡಿರುತ್ತವೆ. ನಡುಗೆರೆಯಲ್ಲಿ ಹುಟ್ಟಿನಿಂದಲೇ ಬಂದ ನೀರುಗುಳ್ಳೆಯೊಂದು ನಾಳಗಳನ್ನು ಅದುಮಿದ್ದರೆ ಅದೂ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ರಕ್ತಸ್ರಾವವಿದ್ದರೆ ಅದನ್ನೂ ಬೇರ್ಪಡಿಸಿ ತೋರಿಸುತ್ತದೆ. ತಡೆಯ ನೆಲೆ ಖಚಿತವಾದರೆ ಮೂತ್ರಮಾರ್ಗದ ಮೂಲಕವೇ ದೂರದರ್ಶಕ ಕಳಿಸಿ ಅದನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ಅದಾದ ಬಳಿಕ ಕೆಲವರ ವೀರ್ಯದಲ್ಲಿ ವೀರ್ಯಾಣುಗಳು ಮತ್ತೆ ಕಾಣಿಸಿಕೊಂಡು ಸಹಜವಾಗಿಯೇ ಮಕ್ಕಳಾದದ್ದುಂಟು. ಇಂಥ ತಡೆಯಿರುವವರು ಬಂಜೆತನದ ಪುರುಷರಲ್ಲಿ ಅಲ್ಪಸಂಖ್ಯಾತರು. ಆ ಅಲ್ಪಸಂಖ್ಯಾತರಿಗೆ ಎಂ.ಆರ್.ಐ.ಯ ವೆಚ್ಚ ಸಾರ್ಥಕ.

ಅಲ್ಲಿಗೆ ಹೋಗುವ ಮೊದಲು ಇನ್ನೊಂದು ಅಗ್ಗದ ಪರೀಕ್ಷೆಯನ್ನು ಮರೆಯಬಾರದು. ದೀರ್ಘಕಾಲದ ಮಧುಮೇಹವಿರುವವರಲ್ಲಿ ವೀರ್ಯ ಮುಂದಕ್ಕೆ ಬರುವ ಬದಲು ಹಿಂದಕ್ಕೆ ಸರಿದು ಮೂತ್ರಕೋಶ ಸೇರುವುದುಂಟು. ಸ್ಖಲನದ ನಂತರದ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ತಿಳಿಯುತ್ತದೆ. ಗಲ್ಲೆಯ ಮೇಲೆ ದಿನವಿಡೀ ಕೂರುವ ವೃತ್ತಿಯಲ್ಲಿ ಸಕ್ಕರೆ ಕಾಯಿಲೆ ಎಷ್ಟು ಬೇಗ ಬರುತ್ತದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ.

ವೀರ್ಯನಾಳಗಳೇ ಹುಟ್ಟಿನಿಂದ ಇಲ್ಲದಿರುವುದು ಮತ್ತೊಂದು ಸ್ಥಿತಿ. ಬಂಜೆತನದ ಪುರುಷರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಇದು ಕಂಡುಬರುತ್ತದೆ. ಇದನ್ನು ಅನುಭವಿ ವೈದ್ಯರ ಬೆರಳುಗಳೇ ಪತ್ತೆಹಚ್ಚಬಲ್ಲವು, ಯಂತ್ರ ಬೇಕಿಲ್ಲ. ಆದರೆ ಇಂಥವರಲ್ಲಿ ಕೆಲವರಿಗೆ ಒಂದು ಮೂತ್ರಪಿಂಡವೂ ಇರುವುದಿಲ್ಲವಾದ್ದರಿಂದ ಹೊಟ್ಟೆಯ ಅಲ್ಟ್ರಾಸೌಂಡ್ ಅಗತ್ಯ. ದೋಷ ಅನುವಂಶೀಯವಾಗಿರಬಹುದಾದ್ದರಿಂದ ವೃಷಣದಿಂದ ವೀರ್ಯಾಣು ತೆಗೆದು ಪ್ರಣಾಳ ಶಿಶು ವಿಧಾನಕ್ಕೆ ಹೋಗುವ ಮುನ್ನ ಗಂಡ-ಹೆಂಡಿರಿಬ್ಬರ ವಂಶವಾಹಿ ಪರೀಕ್ಷೆ ಮಾಡಿಸಬೇಕು.

ತಲೆಯ ಎಂ.ಆರ್.ಐ. ಏಕೆ?

ಸಂತಾನದ ಸಮಸ್ಯೆಗೆ ಬಂದವನಿಗೆ ವೈದ್ಯರು ಮಿದುಳಿನ ಎಂ.ಆರ್.ಐ. ಬರೆದಾಗ ಮನೆಯವರು ಬೆಚ್ಚುತ್ತಾರೆ, ಇಲ್ಲವೇ ಸಂಶಯಪಡುತ್ತಾರೆ. ಪುರುಷ ಬಂಜೆತನದಲ್ಲಿ ಈ ಯಂತ್ರ ಅತ್ಯಂತ ಹೆಚ್ಚು ಫಲ ಕೊಡುವ ಸನ್ನಿವೇಶಗಳಲ್ಲಿ ಇದೂ ಒಂದು. ವೃಷಣಗಳು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹುಕುಮಿನಂತೆ ಕೆಲಸ ಮಾಡುತ್ತವೆ. ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟೆರೋನ್ ಕಡಿಮೆಯಿದ್ದು, ಅದನ್ನು ಪ್ರಚೋದಿಸುವ ಪಿಟ್ಯುಟರಿ ಸ್ರಾವಗಳೂ ಕಡಿಮೆಯಿದ್ದರೆ, ಅಥವಾ ಪ್ರೊಲ್ಯಾಕ್ಟಿನ್ ಎಂಬ ಸ್ರಾವ ಮಿತಿಮೀರಿದ್ದರೆ, ಆ ಗ್ರಂಥಿಯಲ್ಲಿ ಸಣ್ಣ ಗಡ್ಡೆಯಿರುವ ಸಾಧ್ಯತೆ ಇದೆ. ಪ್ರೊಲ್ಯಾಕ್ಟಿನ್ ಹೆಚ್ಚಿಸುವ ಬಹುತೇಕ ಗಡ್ಡೆಗಳು ಕ್ಯಾನ್ಸರ್ ಅಲ್ಲ, ಮತ್ತು ಗುಳಿಗೆಗಳಿಂದಲೇ ಕುಗ್ಗುತ್ತವೆ. ಕುಗ್ಗಿದ ಬಳಿಕ ಅನೇಕರಲ್ಲಿ ಸಂತಾನಶಕ್ತಿಯೂ ಮರಳುತ್ತದೆ. ಪತ್ತೆಯಾಗದೆ ಬೆಳೆದರೆ ಕಣ್ಣಿನ ನರವನ್ನು ಒತ್ತಿ ದೃಷ್ಟಿಗೇ ಅಪಾಯ ತರಬಲ್ಲವು.

ಇನ್ನೊಂದು ವಿರಳ ಸ್ಥಿತಿಯಲ್ಲಿ ಪ್ರೌಢಾವಸ್ಥೆಯ ಲಕ್ಷಣಗಳೇ ಸರಿಯಾಗಿ ಮೂಡಿರುವುದಿಲ್ಲ, ಜೊತೆಗೆ ವಾಸನೆಯೂ ತಿಳಿಯುವುದಿಲ್ಲ. ಗಿರಣಿಯಲ್ಲಿಯೇ ಬೆಳೆದ ಹುಡುಗನಿಗೆ ಹೊಸ ಅಕ್ಕಿಯ ಕಂಪು ಎಂದೂ ತಿಳಿದಿಲ್ಲವೆಂದರೆ ಅದು ವೈದ್ಯರಿಗೆ ಹೇಳಬೇಕಾದ ಸಂಗತಿ. ಎಂ.ಆರ್.ಐ. ಚಿತ್ರದಲ್ಲಿ ವಾಸನೆಯ ನರಭಾಗ ಕಾಣೆಯಾಗಿರುವುದು ಈ ಸ್ಥಿತಿಯನ್ನು ದೃಢಪಡಿಸುತ್ತದೆ. ಇದಕ್ಕೆ ಚುಚ್ಚುಮದ್ದಿನ ಚಿಕಿತ್ಸೆಯಿದ್ದು, ತಿಂಗಳುಗಟ್ಟಲೆ ತಾಳ್ಮೆಯಿಂದ ಪಡೆದವರಲ್ಲಿ ವೀರ್ಯಾಣುಗಳ ಉತ್ಪತ್ತಿ ಆರಂಭವಾಗುವುದುಂಟು.

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ, ಅಥವಾ "ಶಕ್ತಿ"ಗಾಗಿ ಔಷಧಿ ಅಂಗಡಿಯಲ್ಲಿ ಕೇಳಿ ಟೆಸ್ಟೋಸ್ಟೆರೋನ್ ಚುಚ್ಚುಮದ್ದು ಪಡೆಯುವ ಯುವಕರು ಹೆಚ್ಚುತ್ತಿದ್ದಾರೆ. ಹೊರಗಿನಿಂದ ಅದು ಬಂದೊಡನೆ ಪಿಟ್ಯುಟರಿ ತನ್ನ ಹುಕುಮು ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪತ್ತಿ ಕುಸಿಯುತ್ತದೆ. ಮಕ್ಕಳಾಗಲೆಂದು ಈ ಚುಚ್ಚುಮದ್ದು ಪಡೆಯುವುದು ಬಾವಿ ತುಂಬಲೆಂದು ಸೆಲೆಗೆ ಕಲ್ಲು ಹಾಕಿದಂತೆ.

ವೃಷಣದ ಎಂ.ಆರ್.ಐ. ಕುರಿತು ಸಂಶೋಧನೆಗಳು ನಡೆದಿವೆ. ವೃಷಣದೊಳಗಿನ ರಾಸಾಯನಿಕಗಳನ್ನು ಅಳೆದು, ಎಲ್ಲಿಯಾದರೂ ವೀರ್ಯಾಣು ಉತ್ಪತ್ತಿಯ ಪುಟ್ಟ ನೆಲೆ ಉಳಿದಿದೆಯೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಯುವುದು ಅವುಗಳ ಉದ್ದೇಶ. ಅದು ಸಫಲವಾದರೆ ವ್ಯರ್ಥ ಶಸ್ತ್ರಚಿಕಿತ್ಸೆಗಳು ತಪ್ಪುತ್ತವೆ. ಆದರೆ ಇದಿನ್ನೂ ದಿನನಿತ್ಯದ ಚಿಕಿತ್ಸೆಯ ಅಂಗವಾಗಿಲ್ಲ. "ಪ್ಯಾಕೇಜಿ"ನಲ್ಲಿ ಇದನ್ನು ಸೇರಿಸಿ ದರ ಹೇಳುವವರನ್ನು, ಇದರ ಫಲಿತಾಂಶದಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ. ಇನ್ನು ವೃಷಣದ ಸಿರೆಗಳು ಊದಿಕೊಳ್ಳುವ ವೆರಿಕೋಸಿಲ್, ತಪಾಸಣೆಗೆ ಬರುವ ಪುರುಷರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನರಲ್ಲಿ ಕಂಡುಬರುತ್ತದೆ. ಅದಕ್ಕೆ ಕೈಪರೀಕ್ಷೆ, ಬೇಕಾದಲ್ಲಿ ಅಲ್ಟ್ರಾಸೌಂಡ್ ಸಾಕು.

ಬೆಂಕಿ, ರಾಸಾಯನಿಕ ಮತ್ತು ಕಬ್ಬಿಣದ ಚೂರು

ಯಾವ ಯಂತ್ರವೂ ತೋರಿಸದ ಕಾರಣಗಳು ದುಡಿಮೆಯ ಸ್ಥಳದಲ್ಲಿರುತ್ತವೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲೂಕುಗಳೊಂದಿಗೆ ಆರಂಭವಾದ ಕೊಪ್ಪಳ ಜಿಲ್ಲೆ ಇಂದು ಗಿಣಿಗೇರಾ, ಹಿರೇಬಗನಾಳ ಸುತ್ತಲಿನ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳಿಗೆ, ಗಂಗಾವತಿ-ಕಾರಟಗಿಯ ಅಕ್ಕಿ ಗಿರಣಿಗಳಿಗೆ, ಕುಷ್ಟಗಿಯ ಗ್ರಾನೈಟ್ ಮತ್ತು ದಾಳಿಂಬೆಗೆ ಹೆಸರಾಗಿದೆ. ವೃಷಣಗಳು ದೇಹದ ಹೊರಗಿರುವುದೇ ಉಳಿದ ದೇಹಕ್ಕಿಂತ ಎರಡು-ಮೂರು ಡಿಗ್ರಿ ತಂಪಾಗಿರಲೆಂದು. ಕುಲುಮೆಯ ಎದುರು, ಕುಸುಬಲು ಅಕ್ಕಿಯ ಬಾಯ್ಲರ್ ಪಕ್ಕ ದಿನಗಟ್ಟಲೆ ನಿಲ್ಲುವ ಕಾರ್ಮಿಕನ ವೀರ್ಯಾಣುಗಳ ಸಂಖ್ಯೆ ಕುಗ್ಗಬಹುದು. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಹಿಡಿಯುವುದರಿಂದ, ಶಾಖದಿಂದ ದೂರ ಸರಿಸಿದ ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಮಾಲೀಕರಾದವರು ಇಂಥ ಕಾರ್ಮಿಕನಿಗೆ ಮೂರು ತಿಂಗಳು ಬೇರೆ ವಿಭಾಗದಲ್ಲಿ ಕೆಲಸ ಕೊಟ್ಟರೆ ಅದಕ್ಕೆ ತಗಲುವ ವೆಚ್ಚ ಹೆಚ್ಚೇನಲ್ಲ.

ರಾಸಾಯನಿಕದ ಬಗ್ಗೆ ಒಂದು ಚಾರಿತ್ರಿಕ ಪ್ರಕರಣವಿದೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರೋಪ್ ಎಂಬಲ್ಲಿ ಡಿ.ಬಿ.ಸಿ.ಪಿ. ಎಂಬ ಜಂತುನಾಶಕ ತಯಾರಿಸುತ್ತಿದ್ದ ಘಟಕದ ಕಾರ್ಮಿಕರು, ತಮ್ಮಲ್ಲಿ ಈಚೆಗೆ ಮಕ್ಕಳಾದವರು ತೀರ ವಿರಳವೆಂಬುದನ್ನು ತಾವಾಗಿಯೇ ಗಮನಿಸಿದರು. ವೀರ್ಯ ಪರೀಕ್ಷೆ ಮಾಡಿದಾಗ ಹಲವರಲ್ಲಿ ವೀರ್ಯಾಣುಗಳೇ ಇರಲಿಲ್ಲ. 1979ರ ವೇಳೆಗೆ ಆ ದೇಶದಲ್ಲಿ ಅದರ ಬಹುತೇಕ ಬಳಕೆಗೆ ತಡೆ ಬಿತ್ತು. ಅಲ್ಲಿ ಸತ್ಯ ಹೊರಬಿದ್ದದ್ದು ಸ್ಕ್ಯಾನಿಂಗಿನಿಂದಲ್ಲ, "ನೀನೇನು ಕೆಲಸ ಮಾಡುತ್ತೀ?" ಎಂಬ ಪ್ರಶ್ನೆಯಿಂದ. ಭತ್ತಕ್ಕೆ, ದಾಳಿಂಬೆಗೆ ಔಷಧ ಸಿಂಪಡಿಸುವವರೂ ಕೀಟನಾಶಕದ ದಾಸ್ತಾನು ನಿರ್ವಹಿಸುವವರೂ ಕೈಗವಸು, ಮುಖಗವಸು ಬಳಸಬೇಕೆಂಬುದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ.

ಲೋಹದ ಕೆಲಸದವರಿಗೆ ಎಂ.ಆರ್.ಐ. ಸಂಬಂಧ ಮತ್ತೊಂದು ವಿಶೇಷ ಎಚ್ಚರಿಕೆಯಿದೆ. ಗ್ರೈಂಡಿಂಗ್, ವೆಲ್ಡಿಂಗ್ ಮಾಡುವಾಗ ಎಂದೋ ಕಣ್ಣಿಗೆ ಸಿಡಿದು ಉಳಿದ ಕಬ್ಬಿಣದ ಚೂರು, ಆ ಭಾರಿ ಅಯಸ್ಕಾಂತದೊಳಗೆ ಚಲಿಸಿ ಕಣ್ಣನ್ನೇ ಕಳೆಯಬಲ್ಲದು. ಇಂಥ ಇತಿಹಾಸವಿದ್ದರೆ ಮೊದಲೇ ತಿಳಿಸಬೇಕು. ಕಣ್ಣಿನ ಎಕ್ಸ್-ರೇ ತೆಗೆದು ನೋಡುತ್ತಾರೆ. ಹೃದಯದ ಪೇಸ್‌ಮೇಕರ್, ಮೂಳೆಗೆ ಹಾಕಿದ ಸರಳು ಇದ್ದರೂ ಹೇಳಲೇಬೇಕು. ಬೆಳ್ಳಿಯ ಉಡದಾರ, ತಾಯಿತ, ಇಷ್ಟಲಿಂಗದ ಬೆಳ್ಳಿ ಕರಡಿಗೆ ಇವನ್ನೆಲ್ಲ ಹೊರಗೆ ಮನೆಯವರ ಕೈಗೆ ಒಪ್ಪಿಸಿ ಹೋಗಬೇಕಾಗುತ್ತದೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟದಿದ್ದರೂ ಬಿಸಿಯೇರಬಹುದು, ಚಿತ್ರವನ್ನೂ ಕೆಡಿಸಬಹುದು. ಜೊತೆಗೆ ಹೋದವರೂ ಒಳಗೆ ಕಾಲಿಡಬಾರದು. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಯೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋಗಿ, ಯಂತ್ರದ ಸೆಳೆತಕ್ಕೆ ಸಿಕ್ಕು ಪ್ರಾಣ ಕಳೆದುಕೊಂಡರು.

ಖರ್ಚಿನ ಬಾಬತ್ತು

ಎಂ.ಆರ್.ಐ. ಯಂತ್ರದ ಬೆಲೆ ಕೋಟಿಗಳಲ್ಲಿ. ಅಯಸ್ಕಾಂತವನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಲ್ಲಿ ಇರಿಸಬೇಕು. ಯಂತ್ರ ನಡೆಯಲಿ ಬಿಡಲಿ ತಂಪಾಗಿಸುವ ವಿದ್ಯುತ್ ಹರಿಯುತ್ತಲೇ ಇರಬೇಕು. ಕಂತು, ನಿರ್ವಹಣೆ, ವಿದ್ಯುತ್ ಇವು ಸ್ಥಿರ ವೆಚ್ಚಗಳಾದ್ದರಿಂದ ಯಂತ್ರ ಖಾಲಿ ಕೂತಷ್ಟೂ ನಷ್ಟ. ಯಾವುದೇ ಗಿರಣಿ ಮಾಲೀಕರಿಗೆ ಈ ಒತ್ತಡ ಅರ್ಥವಾಗುತ್ತದೆ. ಈ ಒತ್ತಡದಿಂದಲೇ ರೋಗಿಯನ್ನು ಕಳಿಸಿದ ವೈದ್ಯರಿಗೆ ಕಮಿಷನ್ ಕೊಡುವ ಅನಿಷ್ಟ ಪದ್ಧತಿ ಕೆಲವೆಡೆ ಬೆಳೆದಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡಾವಳಿ ನಿಯಮಗಳು ಇದನ್ನು ನಿಷೇಧಿಸಿವೆ. ಸ್ಕ್ಯಾನಿಂಗ್ ಕೇಂದ್ರವೊಂದು ಇಂಥ ಕಮಿಷನ್ನನ್ನು ವ್ಯಾಪಾರದ ಖರ್ಚೆಂದು ತೋರಿಸಿದಾಗ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವೂ 2022ರ ಫೆಬ್ರವರಿಯಲ್ಲಿ ಇದೇ ನಿಲುವು ತಾಳಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಂತೆ ದರಪಟ್ಟಿಯನ್ನು ಪ್ರದರ್ಶಿಸುವುದು ಕಡ್ಡಾಯ. ಎರಡು-ಮೂರು ಕಡೆ ದರ ವಿಚಾರಿಸುವುದು ವ್ಯಾಪಾರಿಗೆ ಅವಮಾನದ ಸಂಗತಿಯಲ್ಲ.

ರೋಗಪತ್ತೆ ಮತ್ತು ಚಿಕಿತ್ಸಾ ಸೇವೆಗಳಿಗೆ ಜಿ.ಎಸ್.ಟಿ. ವಿನಾಯಿತಿ ಇದೆ. ಪ್ರಣಾಳ ಶಿಶು ಚಿಕಿತ್ಸೆಯೂ ಈ ವಿನಾಯಿತಿಯಲ್ಲಿ ಸೇರುತ್ತದೆಂದು 3-8-2022ರ ಸುತ್ತೋಲೆ ಸ್ಪಷ್ಟಪಡಿಸಿದೆ. ಆದ್ದರಿಂದ ಸ್ಕ್ಯಾನಿಂಗ್ ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಪ್ರಶ್ನಿಸಬೇಕು. ಆರೋಗ್ಯ ವಿಮೆಯ ವಿಷಯದಲ್ಲಿ ಮಾತ್ರ ನಿರಾಸೆ ಕಾದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸಿದ ಪ್ರಮಾಣಿತ ಹೊರಗಿಡುವಿಕೆಗಳಲ್ಲಿ ಹದಿನೇಳನೆಯದು ಬಂಜೆತನದ ವೆಚ್ಚ. ನಾಲ್ಕನೆಯದು ಕೇವಲ ತಪಾಸಣೆಗಾಗಿ ದಾಖಲಾಗುವುದು. ಇವುಗಳಿಗೆ ರಕ್ಷಣೆ ನೀಡುವ ಕೆಲವು ಪಾಲಿಸಿಗಳು ಇವೆಯಾದರೂ ಕಾಯುವ ಅವಧಿ ಮತ್ತು ಮಿತಿಗಳನ್ನು ಓದಿಯೇ ಸಹಿ ಹಾಕಬೇಕು. ತಪಾಸಣೆಯಲ್ಲಿ ಪಿಟ್ಯುಟರಿ ಗಡ್ಡೆಯಂಥದು ಕಂಡುಬಂದರೆ ಅದು ಬೇರೆಯೇ ಕಾಯಿಲೆ. ಅದರ ಚಿಕಿತ್ಸೆಯ ಕ್ಲೇಮನ್ನು "ಬಂಜೆತನ" ಎಂದು ತಿರಸ್ಕರಿಸಿದರೆ ಸುಮ್ಮನಿರಬೇಕಿಲ್ಲ.

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸೆಗೆ ದೊರೆಯುವ ಕಡಿತದ ಪಟ್ಟಿಯಲ್ಲಿ ಬಂಜೆತನ ಇಲ್ಲ. ಇಂಥ ವೆಚ್ಚವನ್ನು ಅಂಗಡಿಯ ಲೆಕ್ಕದಲ್ಲಿ "ಇತರೆ ಖರ್ಚು" ಎಂದು ಸೇರಿಸುವ ರೂಢಿ ಅಲ್ಲಲ್ಲಿ ಇದೆ. ಅದು ವೈಯಕ್ತಿಕ ಖರ್ಚು, ಮಾಲೀಕನ ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ಒಂದೇ ಚಿಕಿತ್ಸೆಗೆ ಸಂಬಂಧಿಸಿ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದು ಆಸ್ಪತ್ರೆಗೂ ನಿಷಿದ್ಧ. ಚೆಕ್ಕು ಅಥವಾ ಆನ್‌ಲೈನ್ ಮೂಲಕ ಪಾವತಿಸಿ ರಸೀತಿ ಪಡೆಯುವುದು ಎರಡೂ ಪಕ್ಷಕ್ಕೆ ಕ್ಷೇಮ. ಪ್ರಣಾಳ ಶಿಶು ಚಿಕಿತ್ಸೆಗೆ ಹೋಗುವವರು, ಆ ಕೇಂದ್ರವು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ಪ್ರಮಾಣಪತ್ರ ನೋಡಬೇಕು. ಈ ಕಾಯಿದೆಯಂತೆ ಪುರುಷನಿಗೆ 55, ಮಹಿಳೆಗೆ 50 ವರ್ಷ ಮೇಲ್ಮಿತಿ.

2025ರಲ್ಲಿ ಗದಗ-ವಾಡಿ ಮಾರ್ಗದ ರೈಲು ಕುಷ್ಟಗಿಯವರೆಗೆ ಬಂದ ಮೇಲೆ ಯಲಬುರ್ಗಾ, ಕುಷ್ಟಗಿ ಭಾಗದವರಿಗೆ ಹುಬ್ಬಳ್ಳಿಯ ತಜ್ಞರನ್ನು ಕಾಣುವುದು ಮೊದಲಿಗಿಂತ ಸುಲಭವಾಗಿದೆ. ಹೋಗುವಾಗ ಎರಡು ವೀರ್ಯ ವರದಿಗಳು, ಸ್ರಾವಗಳ ರಕ್ತಪರೀಕ್ಷೆ, ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ, ಮಾಡುವ ಕೆಲಸದ ವಿವರ ಕೈಯಲ್ಲಿರಲಿ. ಗಂಡ-ಹೆಂಡತಿ ಇಬ್ಬರೂ ಒಟ್ಟಿಗೇ ಹೋಗಲಿ. ಎಂ.ಆರ್.ಐ. ಮಾಡಿಸಿದ್ದಲ್ಲಿ ಬರೆಹದ ವರದಿಯೊಂದೇ ಸಾಲದು, ಚಿತ್ರಗಳ ಸಿ.ಡಿ.ಯನ್ನು ಕೇಳಿ ಪಡೆದು ಜೋಪಾನ ಮಾಡಬೇಕು. ಇನ್ನೊಬ್ಬ ತಜ್ಞರಿಗೆ ಅದನ್ನೇ ತೋರಿಸಬಹುದಾದ್ದರಿಂದ ಅದೇ ಪರೀಕ್ಷೆಗೆ ಎರಡನೆಯ ಬಾರಿ ಹಣ ತೆರುವ ಪ್ರಸಂಗ ಬರುವುದಿಲ್ಲ.